ಎಲೆಗೆ ಬೇರು ಬಂದರೆ ಸಾಲದು, ಗೆಣ್ಣು ಬೇಕು: ನೆರಳಲ್ಲಿ ಬೆಳೆಯೋ ಅಲಂಕಾರಿಕ ಎಲೆಗಿಡಗಳ ಸಸ್ಯಾಭಿವೃದ್ಧಿ

ಮನಿಪ್ಲಾಂಟ್‌ನ ಒಂದು ಎಲೆಯನ್ನು ತೊಟ್ಟಿನ ಸಮೇತ ಕಿತ್ತು ನೀರಿನ ಬಾಟಲಿಯಲ್ಲಿಟ್ಟು ನೋಡಿ. ಎಷ್ಟೋ ದಿನ ಹಸಿರಾಗಿಯೇ ಇರುತ್ತೆ, ಕೆಲವೊಮ್ಮೆ ತೊಟ್ಟಿನ ತುದಿಯಲ್ಲಿ ಬೇರೂ ಬರುತ್ತೆ. ಆದರೆ ಅದು ಗಿಡ ಆಗಲ್ಲ. "ಬೇರು ಬಂದ ಮಾನ್‌ಸ್ಟೆರಾ" ಅಂತ ಮೊಬೈಲ್‌ನಲ್ಲಿ ಫೋಟೋ ನೋಡಿ ದುಡ್ಡು ಕಳಿಸುವ ಮುಂಚೆ ಈ ಒಂದು ವಿಷಯ ಗೊತ್ತಿರಲಿ. ಫೋಟೋದಲ್ಲಿ ಬೇರು ಇದೆಯಾ ಅಂತ ನೋಡಬೇಡಿ, ಗೆಣ್ಣು ಇದೆಯಾ ಅಂತ ನೋಡಿ.

ಅಡಿಕೆ ತೋಟದ ನೆರಳಲ್ಲೋ ಮನೆ ಹಿಂದೆ ಕಟ್ಟಿದ ಸಣ್ಣ ಶೇಡ್‌ನೆಟ್‌ನಲ್ಲೋ ಎಲೆಗಿಡ ಬೆಳೆಸಿ ಪೇಟೆಯ ನರ್ಸರಿಗಳಿಗೆ ಕೊಡೋಣ ಅಂತ ಯೋಚಿಸ್ತಿರುವವರು ಈಗ ತುಂಬಾ ಜನ. ಯೋಚನೆ ತಪ್ಪಲ್ಲ. ಮನಿಪ್ಲಾಂಟ್, ಸಿಂಗೋನಿಯಂ, ಫಿಲೋಡೆಂಡ್ರಾನ್, ಮಾನ್‌ಸ್ಟೆರಾ, ಅಗ್ಲೋನೆಮಾ ಇವೆಲ್ಲ ಉಷ್ಣವಲಯದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಬೆಳೆದು ಬಂದ ಗಿಡಗಳು. ನೆರಳು, ಬೆಚ್ಚನೆ ಹವೆ, ಗಾಳಿಯಲ್ಲಿ ತೇವ ಇದ್ದರೆ ಅವುಗಳಿಗೆ ಸಾಕು. ನಮ್ಮ ತೋಟಗಳಲ್ಲಿ ಇವು ಮೂರೂ ಇವೆ.

ಕಾಳುಮೆಣಸಿನ ಬಳ್ಳಿ ಕಟ್ಟಿದವರಿಗೆ ಈ ಕೆಲಸ ಅರ್ಧ ಗೊತ್ತಿದ್ದ ಹಾಗೆ. ಮೆಣಸಿನ ಹಬ್ಬುಬಳ್ಳಿಯನ್ನು 2-3 ಗೆಣ್ಣಿಗೆ ಕತ್ತರಿಸಿ ಪಾಲಿಥೀನ್ ಚೀಲದಲ್ಲಿ ನೆಡ್ತೀವಲ್ಲ, ಮನಿಪ್ಲಾಂಟ್, ಸಿಂಗೋನಿಯಂಗೂ ಅದೇ ಲೆಕ್ಕ. ಗೆಣ್ಣಿನ ಹತ್ತಿರ ಒಂದು ಎಲೆ, ಎಲೆಯ ಕಂಕುಳಲ್ಲಿ ಒಂದು ಕಣ್ಣು, ಪಕ್ಕದಲ್ಲಿ ಕಂದು ಬಣ್ಣದ ಗಾಳಿಬೇರಿನ ಗುಬುಟು ಇರುತ್ತೆ. ಹೊಸ ಚಿಗುರು ಬರೋದು ಆ ಕಣ್ಣಿನಿಂದ ಮಾತ್ರ. ಹಾಗಾಗಿ ಒಂದು ಗೆಣ್ಣು, ಒಂದು ಎಲೆ ಇದ್ದರೂ ಒಂದು ಗಿಡ ಆಗುತ್ತೆ. ಗೆಣ್ಣಿನಿಂದ ಅರ್ಧ ಇಂಚು ಕೆಳಗೆ ಹರಿತವಾದ ಚಾಕುವಿನಲ್ಲಿ ಕತ್ತರಿಸಿ, ಗಾಯ ಒಣಗಲು ಸ್ವಲ್ಪ ಹೊತ್ತು ನೆರಳಲ್ಲಿಟ್ಟು, ಗೆಣ್ಣು ಮಾತ್ರ ಮುಚ್ಚುವಷ್ಟು ಆಳದಲ್ಲಿ ನೆಡಿ. ಮಾನ್‌ಸ್ಟೆರಾದಂಥ ದಪ್ಪ ಕಾಂಡಕ್ಕೆ ಒಂದು ದಿನ ಒಣಗಿದರೂ ನಷ್ಟವಿಲ್ಲ.

ನೀರಲ್ಲಿ ಬೇರು ಬರಿಸೋದು ನೋಡೋಕೆ ಚೆಂದ. ಮಾರಾಟಕ್ಕೆ ಬೆಳೆಸೋರಿಗೆ ನಾನು ಅದನ್ನು ಹೇಳಲ್ಲ. ನೀರಲ್ಲಿ ಬಂದ ಬೇರು ನಾಜೂಕು, ಮಣ್ಣಿಗೆ ಹಾಕಿದಾಗ ಗಿಡ ಮತ್ತೆ ಹೊಸ ಬೇರು ಮಾಡ್ಕೊಳ್ಳಬೇಕು. ನೇರವಾಗಿ ತೊಳೆದ ಕೋಕೋಪೀಟ್ ಮತ್ತು ಸುಟ್ಟ ಭತ್ತದ ಹೊಟ್ಟನ್ನು ಸಮಪಾಲು ಬೆರೆಸಿ ಅದರಲ್ಲೇ ನೆಡಿ. "ತೊಳೆದ" ಅನ್ನೋ ಪದ ಮುಖ್ಯ. ಅಗ್ಗದ ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರುತ್ತೆ. ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ, ಹೊರಬರುವ ನೀರಿನ ಬಣ್ಣ ತಿಳಿಯಾಗುವ ತನಕ ತೊಳೀಬೇಕು. ಹೊಟ್ಟು ಕೂಡ ಕರಿಯಾಗಿರಬೇಕು. ಪೂರ್ತಿ ಸುಟ್ಟು ಬೆಳ್ಳಗಾದ ಬೂದಿ ಆಗಲ್ಲ, ಅದು ಕ್ಷಾರ. ಈ ಹಂತದಲ್ಲಿ ಗೊಬ್ಬರ ಬೇಡ. ಬೇರು ಬಂದು ಹೊಸ ಎಲೆ ಬಿಚ್ಚಿದ ಮೇಲೆ ಕುಂಡಕ್ಕೆ ಬದಲಾಯಿಸುವಾಗ ಕಾಲು ಭಾಗ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು.

ಎಲೆಯಿಂದಲೇ ಗಿಡ ಆಗುವವೂ ಇವೆ. ಝೀಝೀ ಗಿಡದ ಒಂದೊಂದು ಕಿರುಎಲೆ ನೆಟ್ಟರೂ ಮೊದಲು ಬುಡದಲ್ಲಿ ಸಣ್ಣ ಗೆಡ್ಡೆ ಕಟ್ಟಿ, ಆಮೇಲೆ ಚಿಗುರು ಬರುತ್ತೆ. ಅದಕ್ಕೆ ತುಂಬಾ ತಿಂಗಳು ಹಿಡಿಯುತ್ತೆ, ಏನೂ ಕಾಣ್ತಿಲ್ಲ ಅಂತ ಕಿತ್ತು ನೋಡಬೇಡಿ. ಸ್ನೇಕ್ ಪ್ಲಾಂಟ್‌ನ ಎಲೆಯನ್ನು 3 ಇಂಚಿನ ತುಂಡು ಮಾಡಿ ನೆಡಬಹುದು. ಕತ್ತರಿಸಿದ ಕೂಡಲೇ ಕೆಳಗಿನ ತುದಿಗೆ ಗುರುತು ಮಾಡಿ, ತಲೆಕೆಳಗಾಗಿ ನೆಟ್ಟರೆ ಬೇರು ಬರಲ್ಲ.

ಇಲ್ಲೇ ತುಂಬಾ ಜನ ಎಡವೋದು. ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ನ ಎಲೆ ನೆಟ್ಟರೆ ಹುಟ್ಟೋ ಮರಿಗಳು ಬರೀ ಹಸಿರು. ಆ ಎಲೆಯಲ್ಲಿ ಹಳದಿ ಅಂಗಾಂಶ, ಹಸಿರು ಅಂಗಾಂಶ ಬೇರೆ ಬೇರೆ ಪದರಗಳಾಗಿ ಇರ್ತವೆ. ಎಲೆ ತುಂಡಿನಿಂದ ಹೊಸ ಚಿಗುರು ಹುಟ್ಟುವಾಗ ಆ ಜೋಡಣೆ ಉಳಿಯಲ್ಲ. ಹಳದಿ ಅಂಚು ಬೇಕಿದ್ದರೆ ಬುಡದ ಮರಿಗಳನ್ನೇ ಬೇರ್ಪಡಿಸಿ ನೆಡಬೇಕು. ಬಿಳಿ ಮಚ್ಚೆಯ ಮನಿಪ್ಲಾಂಟ್, ಮಾನ್‌ಸ್ಟೆರಾದಲ್ಲೂ ಎಲೆ ನೋಡಿ ಗೆಣ್ಣು ಆರಿಸಬೇಡಿ, ಕಾಂಡ ನೋಡಿ. ಕಣ್ಣಿರುವ ಕಡೆ ಕಾಂಡದ ಮೇಲೆ ಬಿಳಿ-ಹಸಿರು ಎರಡೂ ಗೆರೆ ಓಡಿದ್ದರೆ ಮಾತ್ರ ಚಿಗುರಿಗೂ ಮಚ್ಚೆ ಬರುವ ಸಂಭವ ಜಾಸ್ತಿ. ಪೂರ್ತಿ ಬಿಳಿ ಆದ ಚಿಗುರು ಫೋಟೋಗೆ ಚೆನ್ನ, ಆದರೆ ಪತ್ರಹರಿತ್ತು ಇಲ್ಲದ್ದರಿಂದ ತನ್ನ ಊಟ ತಾನು ಮಾಡ್ಕೊಳ್ಳಲ್ಲ. ಇನ್ನು "ಪಿಂಕ್ ಕಾಂಗೋ" ಅಂತ ಮಾರುವ ಫಿಲೋಡೆಂಡ್ರಾನ್‌ನ ಗುಲಾಬಿ ಬಣ್ಣ ರಾಸಾಯನಿಕ ಉಪಚಾರದಿಂದ ಬಂದದ್ದು. ಹೊಸ ಎಲೆಗಳು ಹಸಿರಾಗಿಯೇ ಬರ್ತವೆ. ತಾಯಿಗಿಡ ಅಂತ ಅದಕ್ಕೆ ದುಡ್ಡು ಹಾಕಬೇಡಿ.

ಮನಿಪ್ಲಾಂಟನ್ನು ಜೋತುಬಿಟ್ಟರೆ ಎಲೆ ಚಿಕ್ಕದಾಗ್ತಾ ಹೋಗುತ್ತೆ. ಅದನ್ನೇ ಅಡಿಕೆ ಮರಕ್ಕೆ ಹತ್ತಿಸಿದರೆ ಎಲೆ ಮೊರದಗಲ ಆಗುತ್ತೆ. ಹತ್ತುವ ಬಳ್ಳಿಯ ಗುಣ ಅದು. ಕೋಕೋ ಕಂಬಕ್ಕೆ ಹತ್ತಿಸಿ ಬೆಳೆಸಿದ ಗಿಡಕ್ಕೂ ನೇತಾಡುವ ಬುಟ್ಟಿಯ ಗಿಡಕ್ಕೂ ಗಿರಾಕಿ ಬೇರೆ, ಬೆಲೆ ಬೇರೆ. ಮೊದಲೇ ಯಾವುದು ಅಂತ ತೀರ್ಮಾನ ಮಾಡಿ.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಲೆನಾಡಿಗೂ ಬಯಲುಸೀಮೆಗೂ ಸಮಸ್ಯೆ ಬೇರೆ. ಪಾವಗಡ, ಕೋಲಾರದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋದು ನಮಗೆಲ್ಲ ಗೊತ್ತು. ಡ್ರಸೀನಾ, ಸ್ಪೈಡರ್ ಪ್ಲಾಂಟ್, ಕ್ಯಾಲಥಿಯಾ ಗಿಡಗಳಿಗೆ ಈ ಫ್ಲೋರೈಡ್ ಆಗಿಬರಲ್ಲ. ಅದು ಎಲೆ ತುದಿಗೆ ಹೋಗಿ ಸೇರುತ್ತೆ, ತುದಿ ಕಂದಾಗಿ ಸುಟ್ಟ ಹಾಗೆ ಒಣಗುತ್ತೆ. ನೀರು ಕಮ್ಮಿ ಆಯ್ತು ಅಂದ್ಕೊಂಡು ಅದೇ ನೀರನ್ನು ಇನ್ನಷ್ಟು ಹಾಕಿದರೆ ಸುಡೋದು ಇನ್ನೂ ಜಾಸ್ತಿ. ಮಣ್ಣು ಹುಳಿಯಾದಷ್ಟೂ ಗಿಡ ಫ್ಲೋರೈಡ್ ಹೆಚ್ಚು ಎಳೆಯುತ್ತೆ. ಅದಕ್ಕೆ ರಸಸಾರ 6ರಿಂದ 6.5ರ ಹತ್ತಿರ ಇರಲಿ, ಹುಳಿ ಇದ್ದರೆ ಸ್ವಲ್ಪ ಕೃಷಿ ಸುಣ್ಣ ಬೆರೆಸಿ. ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲೂ ಫ್ಲೋರೈಡ್ ಇರುತ್ತೆ, ಹತ್ತಿರ ತರಬೇಡಿ. ಚಾವಣಿಯ ಮಳೆನೀರು ಹಿಡಿದಿಟ್ಟುಕೊಂಡರೆ ಈ ಮೂರು ಗಿಡಕ್ಕಾದರೂ ಆಗುತ್ತೆ. ಅಷ್ಟೂ ಆಗಲ್ಲ ಅನ್ನೋರು ಮನಿಪ್ಲಾಂಟ್, ಝೀಝೀಯಲ್ಲೇ ಶುರು ಮಾಡಿ.

ಮಲೆನಾಡಲ್ಲಿ ನೀರು ಜಾಸ್ತಿ ಆಗೋದೇ ತೊಂದರೆ. ಜೂನ್‌ನಿಂದ ಆಗಸ್ಟ್‌ವರೆಗೆ ಬರೀ ಶೇಡ್‌ನೆಟ್ ನಂಬಿ ಕೂರಬೇಡಿ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ಕಾಂಡದ ಬುಡ ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಮೆದುಕೊಳೆ. ಔಷಧಿ ಹುಡುಕ್ತಾ ಕೂರೋದಕ್ಕಿಂತ ಕುಂಡ ಸಮೇತ ಹೊರಗೆ ಹಾಕಿ. ಒಂದು ತಾಯಿಗಿಡ ಕತ್ತರಿಸಿ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸೋದು ಎರಡು ಸೆಕೆಂಡಿನ ಕೆಲಸ. ಹಾಗೆ ಮಾಡದಿದ್ದರೆ ಒಂದೇ ಚಾಕು ಇಡೀ ಸಾಲಿಗೆ ರೋಗ ಹಂಚುತ್ತೆ. ಹಿಟ್ಟು ತಿಗಣೆ ಕಂಡರೆ ಹತ್ತಿಯಲ್ಲಿ ಒರೆಸಿ, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಮೊದಲು ಒಂದೇ ಗಿಡಕ್ಕೆ ಹೊಡೆದು ಎರಡು ದಿನ ನೋಡಿ.

ದುಬಾರಿ ಗಿಡದ ಆಸೆ ಬಗ್ಗೆ ಒಂದು ಮಾತು. "ಥಾಯ್ ಕಾನ್‌ಸ್ಟಲೇಶನ್" ಮಾನ್‌ಸ್ಟೆರಾ ಒಂದು ಕಾಲಕ್ಕೆ ಕೈಗೆಟುಕದ ಗಿಡ, ಅಂಗಾಂಶ ಕೃಷಿಯಲ್ಲಿ ರಾಶಿ ರಾಶಿ ಬಂದ ಮೇಲೆ ಬೆಲೆ ಇಳಿದುಹೋಯ್ತು. ಸಾಲ ಮಾಡಿ ಒಂದು ಅಪರೂಪದ ಗಿಡ ತರೋದಕ್ಕಿಂತ ಸಾಮಾನ್ಯದ್ದೇ ನಾಲ್ಕು ಜಾತಿಯ ಒಳ್ಳೆ ತಾಯಿಗಿಡ ಇಟ್ಟುಕೊಳ್ಳಿ.

ಇವುಗಳಲ್ಲಿ ಹೆಚ್ಚಿನವು ನಮ್ಮ ಕೆಸು, ಸುವರ್ಣಗೆಡ್ಡೆಯ ಕುಟುಂಬದವೇ. ಕೆಸು ತುರಿಸುತ್ತಲ್ಲ, ಅದೇ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇವುಗಳಲ್ಲೂ ಇದೆ. ಕೆಸುವನ್ನಾದರೂ ಹುಳಿ ಹಾಕಿ ಬೇಯಿಸ್ತೀವಿ, ಇವು ಯಾವ ರೀತಿಯಲ್ಲೂ ತಿನ್ನುವ ಗಿಡಗಳಲ್ಲ. ಡಿಫೆನ್‌ಬಾಕಿಯಾ ಕಾಂಡ ಮಗು ಕಚ್ಚಿದರೆ ಬಾಯಿ, ನಾಲಿಗೆ ಊದಿಕೊಳ್ಳುತ್ತೆ, ತಕ್ಷಣ ಬಾಯಿ ತೊಳೆಸಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗಬೇಕು. ಕತ್ತರಿಸುವಾಗ ಕೈಗವಸು ಹಾಕಿ, ಕಣ್ಣು ಮುಟ್ಟಬೇಡಿ. ಕತ್ತರಿಸಿದ ಸೊಪ್ಪನ್ನು ದನಕ್ಕೆ, ಮೇಕೆಗೆ ಹಾಕಬೇಡಿ.

ಹಾಗಂತ ಹಳ್ಳದ ದಡಕ್ಕೋ ಕಾಡಂಚಿಗೋ ಎಸೀಬೇಡಿ. ಪ್ರತಿ ಗೆಣ್ಣೂ ಒಂದು ಗಿಡ ಅಂತ ಮೇಲೆ ಹೇಳಿದೆನಲ್ಲ, ಅಲ್ಲೂ ಅದೇ ನಿಯಮ. ಶ್ರೀಲಂಕಾ, ಹವಾಯಿಗಳಲ್ಲಿ ಮನಿಪ್ಲಾಂಟ್ ಹೀಗೇ ಕಾಡಿಗೆ ನುಗ್ಗಿ ನೆಲ ಮುಚ್ಚಿ, ಮರ ಹತ್ತಿ ಕೂತಿದೆ. ಉಳಿದ ತುಂಡುಗಳನ್ನು ಸಿಮೆಂಟ್ ನೆಲದ ಮೇಲೆ ಬಿಸಿಲಿಗೆ ಹರಡಿ, ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ.