ಬೆಳಕಿಗೆ ಹಲ್ಲಿನ ಬ್ಯಾಕ್ಟೀರಿಯಾ ಸಾಯುತ್ತವೆಯೇ?

ಪ್ರಶ್ನೆ: ವಸಡಿಗೆ ಬಣ್ಣ ಹಚ್ಚಿ ಲೇಸರ್ ಬಿಟ್ಟರೆ ಹಲ್ಲಿನ ಪಾಚಿಯ ಬ್ಯಾಕ್ಟೀರಿಯಾ ಸಾಯುತ್ತವಂತೆ, ನಿಜವೇ?

ಉತ್ತರ: ನಿಜ. ಆದರೆ ಕೊಲ್ಲುವುದು ನೇರವಾಗಿ ಬೆಳಕಲ್ಲ, ಆಮ್ಲಜನಕ. ವೈದ್ಯರು ವಸಡು ಮತ್ತು ಹಲ್ಲಿನ ನಡುವಿನ ಸಂದಿಗೆ ಮೆಥಿಲೀನ್ ಬ್ಲೂನಂಥ ನೀಲಿ ಬಣ್ಣ ಬಿಡುತ್ತಾರೆ. ಅದು ಬ್ಯಾಕ್ಟೀರಿಯಾಗೆ ಅಂಟಿಕೊಳ್ಳುತ್ತದೆ. ಆಮೇಲೆ ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು ಹಾಯಿಸಿದರೆ, ಬಣ್ಣ ಆ ಶಕ್ತಿಯನ್ನು ಹೀರಿ ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಹೀಗೆ ಕೆರಳಿದ ಆಮ್ಲಜನಕ ಬಾಳುವುದು ಕೆಲವೇ ಮೈಕ್ರೋಸೆಕೆಂಡು. ಅಷ್ಟರಲ್ಲೇ ಬ್ಯಾಕ್ಟೀರಿಯಾದ ಪೊರೆಯನ್ನು ಹರಿದುಹಾಕುತ್ತದೆ. ಅದು ದೂರ ಹೋಗಲಾರದು, ಹಾಗಾಗಿ ಹಾನಿ ಬಣ್ಣ ತಾಗಿದಲ್ಲಿಗೇ ಸೀಮಿತ. ಒಂದೇ ಗುರಿಗೆ ಹೊಡೆಯದೆ ಪೊರೆ, ಪ್ರೋಟೀನು ಎಲ್ಲವನ್ನೂ ಕೆಡಿಸುವುದರಿಂದ, ಆ್ಯಂಟಿಬಯೋಟಿಕ್‌ಗೆ ಬಗ್ಗದವೂ ಇದಕ್ಕೆ ಬಗ್ಗುತ್ತವೆ. ನನಗೆ ಇದರಲ್ಲಿ ಬಹಳ ಭರವಸೆ ಕಾಣುವುದು ಇಲ್ಲಿಯೇ.

ಬಣ್ಣ ಮತ್ತು ಬೆಳಕು ಸೇರಿ ಕೊಲ್ಲುವ ಈ ಗುಣ ಮೊದಲು ಕಂಡದ್ದು 1900ರ ಸುಮಾರಿಗೆ ಮ್ಯೂನಿಕ್‌ನಲ್ಲಿ. ಅಕ್ರಿಡಿನ್ ಬಣ್ಣದ ನೀರಿನಲ್ಲಿದ್ದ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಬೆಳಕು ಬಿದ್ದಾಗ ಬೇಗ ಸಾಯುವುದನ್ನು ಆಸ್ಕರ್ ರಾಬ್ ಎಂಬ ವಿದ್ಯಾರ್ಥಿ ಗಮನಿಸಿದ.

ಹಲ್ಲಿನ ಚಿಕಿತ್ಸೆಗೆ ಬಂದರೆ, ತೊಡಕು ಪಾಚಿಯದೇ. ಅಂಟಂಟಾದ ಆ ಪದರದ ತಳಕ್ಕೆ ಬಣ್ಣ ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಮೊದಲು ಸ್ಕೇಲಿಂಗ್ ಮಾಡಿಸಿ ಪಾಚಿ ಕೆರೆದು ತೆಗೆಸಲೇಬೇಕು. ಬೆಳಕು ಅದರ ಜತೆಗಿನ ನೆರವು ಮಾತ್ರ. ದಿನಾ ಎರಡು ಹೊತ್ತು ಬ್ರಶ್ ಮಾಡುವುದನ್ನಂತೂ ಬಿಡಬೇಡಿ.