ಫಾಲ್ಕನ್ ಎಂಬ ಹಡಗು

ಸಬ್‌ಮರೀನು ನೀರಿನೊಳಗೆ ಹೋಗುವ ಹಡಗು ಅಂತ ನಮಗೆಲ್ಲ ಗೊತ್ತು. ಅದು ಮೇಲೆ ಬರಲಾರದೆ ತಳದಲ್ಲೇ ಕೂತುಬಿಟ್ಟರೆ ಒಳಗಿದ್ದವರ ಗತಿ ಏನು? ಅವರನ್ನು ಎತ್ತುವುದಕ್ಕೇ ಬೇರೆ ಹಡಗುಗಳಿವೆ. ಅಮೆರಿಕದ ನೌಕಾಪಡೆಯಲ್ಲಿದ್ದ ಫಾಲ್ಕನ್ ಅಂಥದ್ದು.

1918ರಲ್ಲಿ ಕಟ್ಟಿದಾಗ ಅದರ ಕೆಲಸವೇ ಬೇರೆ. ಯುದ್ಧದಲ್ಲಿ ಸಮುದ್ರಕ್ಕೆ ಬಿಟ್ಟಿದ್ದ ಬಾಂಬುಗಳನ್ನು ತೆಗೆಯುವುದು. ಆಮೇಲೆ ಮುಳುಗುಗಾರರನ್ನು ಇಳಿಸುವ ಹಡಗಾಯಿತು.

1927ರ ಡಿಸೆಂಬರಿನಲ್ಲಿ ಎಸ್-4 ಎಂಬ ಸಬ್‌ಮರೀನಿಗೆ ಇನ್ನೊಂದು ಹಡಗು ಡಿಕ್ಕಿ ಹೊಡೆದು, 40 ಜನರ ಸಮೇತ ಅದು ಮುಳುಗಿತು. ಫಾಲ್ಕನ್‌ನಿಂದ ಇಳಿದ ಮುಳುಗುಗಾರ ಹೊರಗಿನಿಂದ ಬಡಿದ. ಒಳಗಿಂದ ಟಕ್ ಟಕ್ ಅಂತ ಉತ್ತರ ಬಂತು! ಆರು ಜನ ಇನ್ನೂ ಬದುಕಿದ್ದರು. ಆಳ ಬರೀ ನೂರು ಅಡಿ ಚಿಲ್ಲರೆ. ಆದರೆ ಮೇಲೆ ಬಿರುಗಾಳಿ, ಕೆಳಗಿಂದ ಜನರನ್ನು ತರುವ ಸಾಧನವೇ ಇಲ್ಲ. ಸದ್ದು ನಿಂತುಹೋಯಿತು. ಒಬ್ಬರೂ ಉಳಿಯಲಿಲ್ಲ.

ಇದಾದ ಮೇಲೆ ಮೊಮ್ಸೆನ್, ಮೆಕ್ಯಾನ್ ಎಂಬ ಅಧಿಕಾರಿಗಳ ಪ್ರಯತ್ನದಿಂದ ಒಂದು ಉಕ್ಕಿನ ಗೂಡು ತಯಾರಾಯಿತು. ಖಾಲಿ ಚೊಂಬನ್ನು ಬೋರಲು ಹಾಕಿ ಕೆರೆಯಲ್ಲಿ ಅದುಮಿ ನೋಡಿ, ಒಳಗೆ ಗಾಳಿ ಉಳಿಯುತ್ತದೆ. ಗೂಡಿನ ಮೂಲ ಇಷ್ಟೇ. ಮುಳುಗುಗಾರ ಮೊದಲು ಇಳಿದು ಸಬ್‌ಮರೀನಿನ ಬಾಗಿಲಿಗೆ ತಂತಿಹಗ್ಗ ಕಟ್ಟಬೇಕು. ಗೂಡು ಆ ಹಗ್ಗವನ್ನು ಸುತ್ತಿಕೊಳ್ಳುತ್ತಾ ಇಳಿದು ಬಾಗಿಲ ಮೇಲೆ ಕೂರುತ್ತದೆ. ಅಂಚಿಗೆ ರಬ್ಬರ್ ಇದೆ. ಗೂಡಿನ ಕೆಳಭಾಗದ ನೀರು ತೆಗೆದು ಒತ್ತಡ ಇಳಿಸಿದರೆ, ಹೊರಗಿನ ಸಮುದ್ರವೇ ಅದನ್ನು ಅದುಮಿ ಹಿಡಿಯುತ್ತದೆ! ಆಗ ಬಾಗಿಲು ತೆರೆಯಬಹುದು.

1939ರ ಮೇ 23ರಂದು ಸ್ಕ್ವಾಲಸ್ ಎಂಬ ಸಬ್‌ಮರೀನು ಮುಳುಗಿತು. ಗಾಳಿಯ ದೊಡ್ಡ ಕವಾಟ ಮುಚ್ಚಿರಲಿಲ್ಲ, ಹಿಂಭಾಗಕ್ಕೆ ನೀರು ನುಗ್ಗಿ 26 ಜನ ಸತ್ತರು. ಮುಂಭಾಗದಲ್ಲಿ 33 ಜನ ಉಳಿದಿದ್ದರು. ಆಳ 243 ಅಡಿ, ಅಂದರೆ ಮೂರು ಎತ್ತರದ ತೆಂಗಿನಮರಗಳಷ್ಟು. ಮರುದಿನ ಫಾಲ್ಕನ್ ಬಂದು ಗೂಡನ್ನು ಇಳಿಸಿತು. ಮೊದಲ ಸಲ 7 ಜನ, ಆಮೇಲೆ 9, ಮತ್ತೆ 9. ಕೊನೆಯ 8 ಜನ ಬರುವಾಗ ನಡುನೀರಿನಲ್ಲಿ ಹಗ್ಗ ಸಿಕ್ಕಿಹಾಕಿಕೊಂಡು ಅದರ ಎಳೆಗಳು ಕಿತ್ತುಬರತೊಡಗಿದವು. ಯಂತ್ರದಿಂದ ಎಳೆದರೆ ಪೂರ್ತಿ ಹರಿದೀತು ಅಂತ ನಾವಿಕರು ಕೈಯಿಂದಲೇ ಮೆಲ್ಲಗೆ ಎಳೆದರು, ಬಾವಿಯಿಂದ ಕೊಡ ಎತ್ತಿದ ಹಾಗೆ. ಮಧ್ಯರಾತ್ರಿ ದಾಟಿದ ಮೇಲೆ ಗೂಡು ಮೇಲೆ ಬಂತು. 33 ಜನರೂ ಬದುಕಿದರು. ಹಿಂಭಾಗದಲ್ಲೂ ಯಾರಾದರೂ ಇರಬಹುದೆಂದು ಐದನೇ ಸಲ ಗೂಡು ಇಳಿಸಿದರು. ಬಾಗಿಲು ತೆರೆದರೆ ಬರೀ ನೀರು.

ಆ ಕೆಲಸಕ್ಕೆ ನಾಲ್ವರು ಮುಳುಗುಗಾರರಿಗೆ ಅಮೆರಿಕದ ಅತಿ ದೊಡ್ಡ ಶೌರ್ಯಪದಕ ಸಿಕ್ಕಿತು. ಫಾಲ್ಕನ್ ಮಾತ್ರ 1946ರಲ್ಲಿ ನಿವೃತ್ತಿಯಾಗಿ, ಮರುವರ್ಷ ಮಾರಾಟವಾಯಿತು.