ಜ್ವರ ಬಿಟ್ಟ ಮೇಲೂ ಕೀಲುನೋವು ಏಕೆ?



2006ರ ಚಿಕುನ್‌ಗುನ್ಯವನ್ನು ತಾವು ಮರೆತಿರಲಾರಿರಿ. ಆ ವರ್ಷ ಕರ್ನಾಟಕವೊಂದರಲ್ಲೇ 7 ಲಕ್ಷಕ್ಕೂ ಮಿಕ್ಕಿ ಶಂಕಿತ ಪ್ರಕರಣಗಳು ದಾಖಲಾದವು. ಜ್ವರವೇನೋ ವಾರದೊಳಗೆ ಬಿಡುತ್ತಿತ್ತು, ನೋವು ಬಿಡುತ್ತಿರಲಿಲ್ಲ. ನಮ್ಮಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸೊಬ್ಬರು ಬೆಳಗಿನ ಹೊತ್ತು ಬೆರಳು ಮಡಿಸಲಾರದೆ ಕೂತಾಗ, ‘ಜ್ವರ ಬಿಟ್ಟು ಎರಡು ತಿಂಗಳಾಯಿತಲ್ಲಮ್ಮ’ ಎಂದು ನಾವೇ ಗದರಿದ್ದುಂಟು. ಅದು ಸೋಗಲ್ಲವೆಂಬುದು ಆಮೇಲೆ ಓದಿ ತಿಳಿಯಿತು.

ಸೋಂಕು ತಗುಲಿದೊಡನೆ ಬಿಳಿ ರಕ್ತಕಣವೇ ಮೊದಲಾದ ಜೀವಕೋಶಗಳು ಸಣ್ಣ ಪ್ರೋಟೀನುಗಳನ್ನು ಹೊರಬಿಟ್ಟು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಇವಕ್ಕೆ ಸೈಟೊಕೈನ್ ಎಂದು ಹೆಸರು. ಇವುಗಳಲ್ಲೊಂದು ಇಂಟರ್‌ಲ್ಯೂಕಿನ್-6. ಜಪಾನಿನ ಒಸಾಕಾದಲ್ಲಿ ತದಮಿತ್ಸು ಕಿಶಿಮೊಟೊ ಅವರ ತಂಡ 1986ರಲ್ಲಿ ಇದರ ಜೀನನ್ನು ಬೇರ್ಪಡಿಸಿತು. ಇದರ ಸುದ್ದಿ ಮಿದುಳಿಗೆ ಮುಟ್ಟಿದರೆ ಜ್ವರ ಏರುತ್ತದೆ. ಯಕೃತ್ತಿಗೆ ಮುಟ್ಟಿದರೆ ಸಿ.ಆರ್.ಪಿ. ಎಂಬ ಪ್ರೋಟೀನು ಹೆಚ್ಚುತ್ತದೆ. ಡಾಕ್ಟರು ರಕ್ತಪರೀಕ್ಷೆಗೆ ಬರೆದುಕೊಡುವ ಸಿ.ಆರ್.ಪಿ. ಇದೇ. ಸೋಂಕನ್ನು ಎದುರಿಸುವ ಪ್ರತಿಕಾಯಗಳ ತಯಾರಿಗೂ ಇಂಟರ್‌ಲ್ಯೂಕಿನ್-6 ಬೇಕು. ಆದ್ದರಿಂದ ಇದು ಶತ್ರುವಲ್ಲ. ತೋಟಕ್ಕೆ ನೀರು ಬಿಟ್ಟು ನಿಲ್ಲಿಸಲು ಮರೆತಂತೆ, ಕೆಲಸ ಮುಗಿದ ಮೇಲೂ ಹರಿಯುತ್ತಲೇ ಇದ್ದರೆ ಕೀಲಿನ ಒಳಪೊರೆ ಊದಿಕೊಳ್ಳುತ್ತದೆ. ಚಿಕುನ್‌ಗುನ್ಯದ ನೋವು ತಿಂಗಳುಗಟ್ಟಲೆ ಉಳಿದವರ ರಕ್ತದಲ್ಲಿ ಇದು ಹೆಚ್ಚಿದ್ದುದನ್ನು ಸಿಂಗಪುರದ ಸಂಶೋಧಕರು ಕಂಡಿದ್ದಾರೆ. ರುಮಟಾಯ್ಡ್ ಸಂಧಿವಾತದಲ್ಲೂ ಇದರ ಪಾತ್ರ ದೊಡ್ಡದು.

ಈ ಸುದ್ದಿಯನ್ನು ತಡೆಯುವ ಟೊಸಿಲಿಜುಮ್ಯಾಬ್ ಎಂಬ ಇಂಜೆಕ್ಷನ್ ಸಂಧಿವಾತಕ್ಕೆ ಬಳಕೆಯಲ್ಲಿದೆ. 2021ರ ಕೋವಿಡ್ ಕಾಲದಲ್ಲಿ ಜನ ಇದಕ್ಕಾಗಿ ಪರದಾಡಿದರು. ಆದರೆ ಸುದ್ದಿ ತಡೆದರೆ ಕಾವಲೂ ತಗ್ಗುತ್ತದೆ. ಇದನ್ನು ಪಡೆಯುತ್ತಿರುವವರಿಗೆ ಬೇರೆ ಸೋಂಕು ತಗುಲಿದರೂ ಜ್ವರ ಬಾರದೆ, ಸಿ.ಆರ್.ಪಿ. ಏರದೆ ಇರಬಹುದು. ತಜ್ಞರ ಕೈಯಲ್ಲಿರಬೇಕಾದ ಔಷಧಿಯಿದು.

ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಮಾತ್ರೆ ನುಂಗುವುದೂ ಬೇಡ. ನೋವು ಹೋದಂತೆ ಕಂಡರೂ ಸಕ್ಕರೆ ಕಾಯಿಲೆ ಏರಿ, ಮೂಳೆ ಸವೆದೀತು. ಜ್ವರವಿದ್ದಾಗ, ಡೆಂಗೆ ಅಲ್ಲವೆಂದು ಖಾತ್ರಿಯಾಗುವವರೆಗೆ ಪ್ಯಾರಾಸಿಟಮಾಲ್ ಸಾಕು. ಬೇರೆ ನೋವಿನ ಮಾತ್ರೆಗಳಿಂದ ರಕ್ತಸ್ರಾವದ ಭಯವುಂಟು. ಕೀಲುನೋವು ತಿಂಗಳು ದಾಟಿದರೆ ಡಾಕ್ಟರಿಗೆ ತೋರಿಸತಕ್ಕದ್ದು.

ಈ ರೋಗ ಹರಡುವ ಸೊಳ್ಳೆಗೆ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಮಳೆನೀರೂ ಸಾಕಾಗುತ್ತದೆ. ಹಾಳೆಗಳನ್ನು ವಾರಕ್ಕೊಮ್ಮೆ ಆಯಿಸಿ ಒಣಗಿಸಿಟ್ಟರೆ, ತಟ್ಟೆ ಮಾಡುವವರಿಂದ ನಾಲ್ಕು ಕಾಸೂ ಬಂದೀತು.